ಶ್ರೀರಾಮನಗರದ ಗೆರೆ

ಬೆಳಗಾಗುವಷ್ಟರಲ್ಲಿ ಅಳವಂಡಿಯ ಗಾಳೆಮ್ಮನ ಹಟ್ಟಿಯಲ್ಲಿ ಅರ್ಧ ಹಿಂಡು ಸತ್ತು ಬಿದ್ದಿತ್ತು. ಹಿರೇಬೇನೆ, ಹಿಂಡಿಗೆ ಹಿಂಡನ್ನೇ ಕೊಲ್ಲುವ ಅಂಟುರೋಗ. ಉಳಿದ ಕುರಿಗಳ ಮೂಗು ಸೋರುತ್ತಿತ್ತು.

"ಈಕಿನೇ ತಂದಾಳ," ಎಂದ ಹಿರಿಯ ಓಬಳೆಪ್ಪ. "ಕುಷ್ಟಗಿ ಸಂತ್ಯಾಗ ಮರಿ ಕೊಂಡಾಳ. ಇನ್ನ ಈಕಿ ಕುರಿ ನಮ್ಮ ಅಡವ್ಯಾಗ ಮೇಯಬಾರ್ದು."

ಗಾಳೆಮ್ಮ ಪಶುವೈದ್ಯೆ ಡಾಕ್ಟರ್ ಮೆಹಜಬೀನರನ್ನು ನೋಡಿದಳು. "ಲಸಿಕಿ ಕೇಳಿದ್ರ ನಿಮ್ಮೂರಿಗೆ ರೋಗ ಬರಂಗಿಲ್ಲ ಅಂದ್ರಿ. ಅಡವಿ ಬಿಟ್ಟು ಕುರಿ ಎಲ್ಲಿ ಕಟ್ಟಲ್ರೀ, ನನ್ನ ತಲಿ ಮ್ಯಾಲ?"

ಅಳವಂಡಿಗೆ ರೋಗ ಬರುವುದಿಲ್ಲ ಎಂದು ಡಾಕ್ಟರಿಗೆ ಹೇಳಿದ್ದವನು ಗೌರೀಶ. ಕುರಿ ಓಡಾಡುವ ದಾರಿಗಳನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಎಳೆದು, ರೋಗ ಎಲ್ಲಿಗೆ ಹರಡುತ್ತದೆಂದು ಲೆಕ್ಕ ಹಾಕುವವನು. ಊರೂರು ತಿರುಗಿ ಆ ದಾರಿಗಳನ್ನು ಕೇಳಿ ತಂದವನು ಅವನ ಗೆಳೆಯ ಯಂಕೇಶ. ನನ್ನ ಗಂಡ. ಹೋದ ವರ್ಷ ತೀರಿಕೊಂಡ. ಈಗ ನಾನು ಡಾಕ್ಟರ ಜೊತೆ ತಿರುಗುತ್ತೇನೆ.

ಕುಷ್ಟಗಿಯಿಂದ ತಂದ ಮರಿಗಳು ಮಾತ್ರ ಯಾವ ರೋಗವೂ ಇಲ್ಲದೆ ಜಿಗಿದಾಡುತ್ತಿದ್ದವು. ಮೆಹಜಬೀನ ಓಬಳೆಪ್ಪನ ಹಿಂಡಿಗೆ ಹೋದರು. ಅಲ್ಲೂ ಕೆಮ್ಮು. ಒಂದು ಕುರಿಯ ಉಣ್ಣೆ ಬಿಡಿಸಿದರು — ಭತ್ತದ ಹೊಟ್ಟು.

"ಅಜ್ಜಾರ, ಅಳವಂಡ್ಯಾಗ ಭತ್ತ ಎಲ್ಲಿ ಬೆಳೀತಾರ?"

"ಇಲ್ಲೆಲ್ಲಿ ಭತ್ತರಿ! ಅದು ಶ್ರೀರಾಮನಗರದ್ದು. ಕೊಯ್ಲಾದ ಮ್ಯಾಲ ಗೊಬ್ಬರಕ್ಕಂತ ಗದ್ಯಾಗ ಕುರಿ ತರಬ್ತೀವಿ, ರಾತ್ರಿ ಅಲ್ಲೇ ನಿಲ್ಲಸ್ತೀವಿ. ತಿರುಗಿ ಬಂದು ಹದಿನೈದು ದಿನ ಆತು."

"ಅಲ್ಲಿ ರೋಗ ಇತ್ತು. ಬಂದು ನೀರು ಎಲ್ಲಿ ಕುಡಿಸಿದ್ರಿ?"

ಓಬಳೆಪ್ಪ ಹೊಂಡದ ಕಡೆ ನೋಡಿದ. ಗಾಳೆಮ್ಮನ ಕುರಿಗಳಿಗೂ ಅದೇ ನೀರು.

ಗೌರೀಶನನ್ನು ಕರೆಸಿದೆವು. ಅವನು ಅಳವಂಡಿಗೆ ಬಂದದ್ದು ಅದೇ ಮೊದಲು.

"ನಿಮ್ಮ ಕಂಪ್ಯೂಟರಿನ್ಯಾಗ ಶ್ರೀರಾಮನಗರದಿಂದ ಇಲ್ಲಿಗೆ ಗೆರಿ ಯಾಕಿಲ್ಲ?" ಎಂದರು ಮೆಹಜಬೀನ.

"ಯಂಕೇಶ ಆ ದಾರಿ ಕೇಳ್ಕೊಂಡೇ ಬಂದಿರಲಿಲ್ರಿ ಮೇಡಂ. ಸತ್ತವನ ಮ್ಯಾಲ ಏನು ಹೇಳ್ಲಿ?"

ನಾನು ನಂಬಿದೆ.

"ಇದ್ರೂ ಅಷ್ಟ. ವರ್ಷಕ್ಕೊಮ್ಮೆ ನಡಿಯೂ ದಾರಿ," ಎಂದ ಗೌರೀಶ.

ಮೆಹಜಬೀನ ತಲೆ ಎತ್ತಿದರು. "ವರ್ಷಕ್ಕೊಮ್ಮೆ ಅಂತ ನಿಮಗ್ಯಾರು ಹೇಳಿದ್ರು?"

ಗೌರೀಶ ಬೈಕಿನ ಕಡೆ ತಿರುಗಿದ. ಮೆಹಜಬೀನ ಅಡ್ಡ ನಿಂತರು.

"ನಾವು ಹೇಳಿಲ್ಲ. ಅಜ್ಜಾರೂ ಹೇಳಿಲ್ಲ. ಯಂಕೇಶ ಹೇಳಿರಬೇಕು. ಅಂವ ಗೆರಿ ತಂದಿದ್ದ. ಅಳಿಸಿದವರು ನೀವು."

"ಸಣ್ಣ ಗೆರಿ ಭಾಳ ಇದ್ವು. ತೆಗದ್ರ ಲೆಕ್ಕ ಲಗೂ ಆಗ್ತಿತ್ತು. ಜಿಲ್ಲಾದಾಗ ಒಟ್ಟು ಎಷ್ಟು ಸಾಯ್ತಾವ ಅನ್ನೂದು ಬದಲಾಗ್ಲಿಲ್ಲ—"

"ಎಷ್ಟು ಅನ್ನೂದು ಬದಲಾಗ್ಲಿಲ್ಲ. ಯಾರ ಹಟ್ಟಿಗೆ ಮೊದ್ಲು ಅನ್ನೂದು ಬದಲಾತು. ಲಸಿಕಿ ಕಳಿಸೂದು ಅದನ್ನ ನೋಡಿ."

ಓಬಳೆಪ್ಪ ತಲೆಯ ಪಟಗ ತೆಗೆದು ಮುಖ ಒರೆಸಿಕೊಂಡ. "ಉಳದಾವು ಚೇತರಿಸಿಕೊಂಡ ಮ್ಯಾಲ ಅಡವಿಗೆ ಹೊಡ್ಕೊಂಡು ಬಾರವ್ವ."

ಗಾಳೆಮ್ಮ ಅವನನ್ನು ದಾಟಿ ನಡೆದಳು. ನನ್ನ ಬಳಿ ಬಂದಳು. "ನಿನ್ನ ಗಂಡ ಇಲ್ಲೇ ಕುಂತು ಮಜ್ಜಿಗಿ ಕುಡದು ದಾರಿ ಕೇಳಿದ್ದವ್ವ. ಮರತಿದ್ನೇನು?"

"ಇಲ್ಲ," ಎಂದೆ.

ಗೌರೀಶ ಬೈಕು ಚಾಲೂ ಮಾಡಿದ. "ಬರ್ರಿ ವೈನಿ, ಕೊಪ್ಪಳಕ್ಕ ಬಿಡ್ತೀನಿ."

ಯಂಕೇಶನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೇ ಮುಂದಿದ್ದ. ನಾನು ಬಸ್ಸಿನ ಕಡೆ ನಡೆದೆ.