ಅಂಚು ಕತ್ತರಿಸಬೇಡಿ ಮೇಷ್ಟ್ರೆ

"ನಿಮ್ಮ ಪೌಚ್ ಸೋರುತ್ತೆ ಮೇಡಂ."

ಯಾರ ಕೈಲೋ ಕಳಿಸಿ ನನ್ನಲ್ಲೇ ಲ್ಯಾಮಿನೇಷನ್ ಮಾಡಿಸಿದ್ದ, ಈಗ ತೊಟ್ಟಿಕ್ಕುತ್ತಿದ್ದ ಕಾರ್ಡೊಂದನ್ನು ನನ್ನ ಕೌಂಟರಿನ ಮೇಲಿಟ್ಟು ಅವನು ಆಡಿದ ಮೊದಲ ಮಾತು ಇದು. ಆರು ವರ್ಷದಿಂದ ಜೆರಾಕ್ಸ್, ಲ್ಯಾಮಿನೇಷನ್ ಅಂತ ಈ ಅಂಗಡಿ ನಡೆಸುತ್ತಿದ್ದೇನೆ. ನನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಕೋಪ ಮೊದಲೇ ನನಗೆ ಮೂಗಿನ ತುದಿಯಲ್ಲಿ.

"ಸೋರೋಕೆ ಅದೇನು ನಲ್ಲಿನಾ?" ಅಂದೆ. ಕಾರ್ಡು ತಿರುಗಿಸಿ ನೋಡಿದರೆ ನಾಲ್ಕೂ ಕಡೆ ಪ್ಲಾಸ್ಟಿಕ್ಕನ್ನು ಯಾರೋ ಕಾಗದದ ಅಂಚಿಗೇ ಕತ್ತರಿಸಿದ್ದರು. "ಈ ಕತ್ತರಿ ಪ್ರಯೋಗ ಯಾರದ್ದು?"

"ನನ್ನದೇ. ಸುತ್ತ ಸುಮ್ನೆ ಖಾಲಿ ಜಾಗ ಇತ್ತಲ್ಲ, ನೀಟಾಗಿ ಕಾಣ್ಲಿ ಅಂತ..."

"ಆ ಖಾಲಿ ಜಾಗದಲ್ಲೇ ಸ್ವಾಮಿ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿಕೊಂಡಿರೋದು. ಅದನ್ನೇ ಕತ್ತರಿಸಿ ಬಿಸಾಕಿ ಬಂದು ನನ್ನ ಮೇಲೆ ಗೂಬೆ ಕೂರಿಸ್ತೀರಾ?"

ಅವನು ನಕ್ಕ. ಬೈಸಿಕೊಂಡು ಇಷ್ಟು ಚೆನ್ನಾಗಿ ನಗುವ ಗಂಡಸನ್ನು ನಾನು ನೋಡಿರಲಿಲ್ಲ. ಕಣ್ಣಿನ ಸುತ್ತ ಈಜುವ ಕನ್ನಡಕದ ಗುರುತು ಇನ್ನೂ ಮಾಸಿರಲಿಲ್ಲ.

"ನೀವು ಈಜು ಮೇಷ್ಟ್ರಾ? ನಮ್ಮಜ್ಜಿಗೆ ಕಲಿಸ್ತಿರೋರು?"

"ಹಳದಿ ಟೋಪಿ ಅಜ್ಜಿ ತಾನೆ? ಹಾಗಾದ್ರೆ ಬೈಯೋದು ನಿಮ್ಮ ವಂಶದಲ್ಲೇ ಇದೆ ಬಿಡಿ."

ಅವನ ಬೆಳಗಿನ ಬ್ಯಾಚಿನಲ್ಲಿ ಐವರು ಅಜ್ಜಿಯರು. ಐವರ ಕಿವಿಯಲ್ಲೂ ಮಿಷನ್. ನೀರಿಗೆ ಇಳಿಯುವ ಮುಂಚೆ ಅದನ್ನು ತೆಗೆದಿಡಲೇಬೇಕು. ಆಮೇಲೆ ಗಂಟಲು ಹರಿಯುವಂತೆ ಕೂಗಿದರೂ ಯಾರಿಗೂ ಏನೂ ಕೇಳಿಸುವುದಿಲ್ಲ. ಅದಕ್ಕೇ ಇವನು ಕಾಲು ಬಡಿಯಿರಿ, ಉಸಿರು ಬಿಡಿ, ನಿಲ್ಲಿ ಅಂತ ಚಿತ್ರ ಬರೆದು ನೀರೊಳಗೇ ಹಿಡಿದು ತೋರಿಸುತ್ತಿದ್ದ. ಎರಡೇ ದಿನಕ್ಕೆ ಕಾರ್ಡಿನ ಬಣ್ಣವೆಲ್ಲ ಕಲಸಿಹೋಗುತ್ತಿತ್ತು.

"ಈಜುಕೊಳದ ಸೆಕ್ರೆಟರಿ ಶನಿವಾರ ನೋಡೋಕೆ ಬರ್ತಾರೆ," ಅಂದ. ಈಗ ನಗು ಇರಲಿಲ್ಲ. "ಒಬ್ಬರು ಸೂಚನೆ ತಪ್ಪಿದ್ರೂ ಬ್ಯಾಚ್ ಬಂದ್ ಮಾಡ್ತಾರಂತೆ."

ತಾತ ಹೋದ ಮೇಲೆ ಎರಡು ವರ್ಷ ಕೋಣೆಯಿಂದ ಆಚೆ ಬಾರದ ಅಜ್ಜಿ ನನ್ನವಳು. ಈಗ ಬೆಳಕು ಹರಿಯುವ ಮುಂಚೆ ಎದ್ದು ಟೋಪಿ ಹುಡುಕುತ್ತಾಳೆ. ಆ ಬ್ಯಾಚು ನಿಂತರೆ ಅವಳು ಹಾಸಿಗೆ ಹಿಡಿಯುತ್ತಾಳೆ ಅಂತ ನನಗೆ ಭಯವಾಯಿತು.

"ಗುರುವಾರ ಮಧ್ಯಾಹ್ನ ಹೊಸ ಚಿತ್ರ ತಗೊಂಡು ಬನ್ನಿ," ಅಂದೆ. "ನಾನೇ ಮಾಡಿಕೊಡ್ತೀನಿ."

ಎಂಟು ಚಿತ್ರ ತಂದ. ಎಂಬತ್ತು ಮೈಕ್ರಾನ್ ದಪ್ಪದ ಪೌಚು ನೀರಿನಲ್ಲಿ ಬಳುಕುತ್ತದೆ. ಇನ್ನೂರ ಐವತ್ತರದ್ದು ನನ್ನ ಮಿಷನ್ನಿಗೆ ನುಂಗಲಾಗುವುದಿಲ್ಲ. ಅದಕ್ಕೇ ನೂರ ಎಪ್ಪತ್ತೈದರದ್ದು ಆರಿಸಿದೆ. ನಾಲ್ಕೂ ಕಡೆ ಅರ್ಧ ಬೆರಳಗಲ ಜಾಗ ಉಳಿಯುವಂತೆ ಚಿತ್ರ ಕೂರಿಸಿದೆ.

"ಬಣ್ಣ ಒಣಗಿದ್ಯಾ? ಒದ್ದೆ ಇದ್ರೆ ಒಳಗೆ ಗುಳ್ಳೆ ಏಳುತ್ತೆ."

ಅವನು ಬಗ್ಗಿ ಊದಿದ. ನಾನೂ ಆ ಕಡೆಯಿಂದ ಊದಿದೆ. ಒಂದೇ ಚಿತ್ರದ ಮೇಲೆ ಇಬ್ಬರ ಉಸಿರು. ತಲೆ ಎತ್ತಿದಾಗ ಅವನ ರೆಪ್ಪೆಗಳನ್ನು ಎಣಿಸಬಹುದಾದಷ್ಟು ಹತ್ತಿರವಿದ್ದೆ. ಬೇಗ ಹಿಂದೆ ಸರಿದು ಮಿಷನ್ ಕಾದಿದೆ ಅನ್ನುವ ಹಸಿರು ದೀಪ ಹತ್ತಿದೆಯಾ ಅಂತ ನೋಡಿದೆ. ಅದು ಆಗಲೇ ಹತ್ತಿತ್ತು.

"ಪೌಚಿನ ಮುಚ್ಚಿದ ಕಡೆ ಮೊದಲು ಹೋಗ್ಬೇಕು," ಅಂತ ಪಾಠ ಹೇಳುತ್ತಾ ಏಳು ಕಾರ್ಡು ತೆಗೆದೆ. ಎಂಟನೆಯದು 'ನಿಲ್ಲಿ'. ಅದನ್ನು ಎತ್ತಿಕೊಂಡಾಗ ಅವನು ಮೆಲ್ಲಗೆ, "ನೀವು ಕೆಲಸ ಮಾಡೋದನ್ನ ದಿನವಿಡೀ ನೋಡ್ತಾ ಕೂರಬಹುದು," ಅಂದ.

ನನ್ನ ಕೈ ತೆರೆದ ಕಡೆಯನ್ನೇ ಮೊದಲು ಒಳಗೆ ತಳ್ಳಿಬಿಟ್ಟಿತು. ಮಿಷನ್ ಗೊರಗೊರ ಅಂದಿತು. ಹಿಂದಕ್ಕೆ ತಿರುಗಿಸುವ ಗುಂಡಿ ಒತ್ತಿ ಎಳೆದರೆ ಕಾರ್ಡು ಮುದುಡಿಕೊಂಡು ಹೊರಬಂತು. ಆರು ವರ್ಷದಲ್ಲಿ ಇದೇ ಮೊದಲು.

"ಮುಚ್ಚಿದ ಕಡೆ ಮೊದಲು ಅಂದ್ರಿ?"

"ನೀವು ಸುಮ್ನಿದ್ದಿದ್ರೆ ಹಾಗೇ ಹೋಗ್ತಿತ್ತು."

ಅವನ ಕಿವಿ ಕೆಂಪಾಯಿತು. ಅಲ್ಲೇ ಕೂತು ಇನ್ನೊಂದು ಚಿತ್ರ ಬರೆದುಕೊಟ್ಟ. ಅದನ್ನೂ ಮುಗಿಸಿ, ಅಜ್ಜಿಯರ ಕೈಗೆ ಚುಚ್ಚದಿರಲಿ ಅಂತ ಮೂಲೆಗಳನ್ನು ಮಾತ್ರ ಗುಂಡಗೆ ಮಾಡಿ, ದಪ್ಪ ನಿಘಂಟಿನ ಕೆಳಗೆ ಆರಲು ಇಟ್ಟೆ. ಹೊರಡುವಾಗ, "ಅಂಚು ಕತ್ತರಿಸಬೇಡಿ ಮೇಷ್ಟ್ರೆ," ಅಂದೆ. "ನೀವು ಕೊಟ್ಟಿದ್ದನ್ನ ಒಂದು ಚೂರೂ ಕಳ್ಕೊಳ್ಳಲ್ಲ," ಅಂದ. ಆವತ್ತಿಡೀ ನನಗೆ ಲೆಕ್ಕ, ಗಿರಾಕಿ ಯಾವುದೂ ನೆಟ್ಟಗೆ ಕಾಣಲಿಲ್ಲ.

ಶನಿವಾರ ಅಂಗಡಿ ಮುಚ್ಚಿ ಈಜುಕೊಳಕ್ಕೆ ಹೋದೆ. ಐವರ ಕಿವಿಯ ಮಿಷನ್ನುಗಳೂ ಡಬ್ಬಿಯೊಂದರಲ್ಲಿ ನನ್ನ ಮಡಿಲಿನಲ್ಲಿದ್ದವು. ಸೆಕ್ರೆಟರಿ ಪೆನ್ನು ಹಿಡಿದು ನಿಂತಿದ್ದರು. ಅವನು ಎದೆಮಟ್ಟದ ನೀರಿನಲ್ಲಿ ನಿಂತು ಕಾರ್ಡು ಮುಳುಗಿಸಿದ. ಐದು ಜೊತೆ ಕಾಲು ಬಡಿದವು. ಇನ್ನೊಂದು ಕಾರ್ಡು, ಐದು ತಲೆ ಉಸಿರಿಗೆ ಹೊರಳಿದವು. ಕೊನೆಗೆ 'ನಿಲ್ಲಿ'. ನಾಲ್ವರು ನಿಂತರು. ನಮ್ಮಜ್ಜಿ ಮಾತ್ರ ಮುಂದೆ ಹೋದಳು.

ಕೈ ಒಂದು ಸಲ ಬೀಸಿ, ದೂರದಿಂದ ಕಾಣದ ಕಾರ್ಡಿನ ಹತ್ತಿರಕ್ಕೇ ಹೋಗಿ, ಕಂಡೊಡನೆ ಅಲ್ಲೇ ನಿಂತು ಹೊರಗೆ ತಲೆ ಎತ್ತಿದಳು.

ಸೆಕ್ರೆಟರಿ ಆ ಕಾರ್ಡನ್ನು ಈಸಿಕೊಂಡು ಬೆಳಕಿಗೆ ಹಿಡಿದರು. ಒಳಗೆ ಒಂದು ಹನಿಯೂ ಇರಲಿಲ್ಲ. "ಬ್ಯಾಚ್ ನಡೀಲಿ," ಅಂತ ಬರೆದು ಸಹಿ ಹಾಕಿದರು. ಅವನು ಹೆಬ್ಬೆರಳೆತ್ತಿದ್ದೇ ತಡ, ಐವರೂ ನೀರು ಬಡಿದು ಎಲ್ಲರನ್ನೂ ತೋಯಿಸಿದರು.

ಅವನು ನೀರು ಸುರಿಸಿಕೊಂಡು ಅಂಚಿಗೆ ಬಂದು ನನ್ನತ್ತ ಮುಖ ಎತ್ತಿದ. "ಮೇಡಂ, ಒಂದು ಮಾತು ಹೇಳ್ಬೇಕಿತ್ತು."

ಅಷ್ಟರಲ್ಲಿ ನಮ್ಮಜ್ಜಿ ಬಂದಳು. ತಾನು ಪಿಸುಗುಡುತ್ತಿದ್ದೇನೆ ಅಂದುಕೊಂಡು ಚಾವಣಿ ಅದುರುವಂತೆ ಕೂಗಿದಳು: "ಪುಟ್ಟೀ, ಇವನು ಹೇಳಿದ್ನೇನೇ? ನೀನಂದ್ರೆ ಪ್ರಾಣವಂತೆ ಇವನಿಗೆ. ನಿನ್ನೆಯಿಂದ ನನ್ನ ಮುಂದೆ ಪ್ರಾಕ್ಟೀಸ್ ಮಾಡ್ತಿದಾನೆ."

ಜೇಬಿಗೆ ಹೋಗುತ್ತಿದ್ದ ಸೆಕ್ರೆಟರಿಯ ಪೆನ್ನು ಅಲ್ಲೇ ನಿಂತಿತು. ಇಡೀ ಕೊಳ ನಮ್ಮ ಕಡೆ ತಿರುಗಿತು. ಅವನು ಮುಳುಗಲಿಲ್ಲ, ಕಣ್ಣೂ ತಪ್ಪಿಸಲಿಲ್ಲ. "ಅದೇ ಮಾತು," ಅಂದ. "ನಂಗೆ ನೀವು ಬೇಕು."

"ನಂಗೂ ನೀವು ಬೇಕು," ಅಂದೆ.

"ಏನಂದೆ? ಕೇಳಿಸ್ಲಿಲ್ಲ," ಅಂದಳು ಅಜ್ಜಿ.

ನಾನು ಎದ್ದು ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ. ಅವಳು ತಲೆಯಾಡಿಸಿ ಉಳಿದ ನಾಲ್ವರನ್ನು ನೋಡಿದಳು. ಅವರಿಗೂ ಕೇಳಿಸಿರಲಿಲ್ಲ. ಕಿವಿಯ ಡಬ್ಬಿ ನನ್ನ ಕಂಕುಳಲ್ಲೇ ಇತ್ತು, ತೆರೆಯಲು ಮನಸ್ಸಾಗಲಿಲ್ಲ. ನಾನು ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ, ಅದನ್ನೇ ಕೂಗಿದೆ.