ಕುಷ್ಟನ ಬಾಯಾರಿಕೆ

"ಟೀಚರ್, ಸತ್ತವ್ರಿಗೆ ಬಾಯಾರಿಕೆ ಆತ್ತಾ?"

ಬಾಗಿಲಲ್ಲಿ ನಿಂತ ಹೆಂಗಸು ಒಳಗೆ ಬರುವ ಮೊದಲೇ ಕೇಳಿದ ಮಾತು ಅದು. ವಿನಯಾ ಚಾ ಕುಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಅಮ್ಮಣ್ಣಿ ಟೀಚರ್ ಮಾತ್ರ ಕನ್ನಡಕ ಒರೆಸುತ್ತಲೇ, "ಕೂಕಣಿ. ಬದ್ಕಿದ್ದವ್ರ ಬಾಯಾರಿಕೆ ಮೊದ್ಲ್ ಕಾಂಬ," ಎಂದು ನೀರಿನ ಚೊಂಬನ್ನು ಮುಂದೆ ಸರಿಸಿದರು.

ಅಮ್ಮಣ್ಣಿ ಕುಂದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಪೊಲೀಸರು ನಕ್ಕು ಕಳಿಸಿದ ಒಗಟುಗಳನ್ನು ಬ್ರಹ್ಮಾವರದಿಂದ ಬೈಂದೂರಿನವರೆಗಿನ ಜನ ಅವರ ಜಗಲಿಗೆ ತರುತ್ತಿದ್ದರು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ವಿನಯಾ ಅಂಥ ಸಂದರ್ಭಗಳಲ್ಲಿ ಅವರ ಜೊತೆ ಹೋಗುವವಳು. ಎಲ್ಲದಕ್ಕೂ ಹೆದರುವವಳಾದ್ದರಿಂದ ಅವಳ ಕಣ್ಣು ಎಲ್ಲವನ್ನೂ ನೋಡುತ್ತಿತ್ತು.

ಬಂದವಳ ಹೆಸರು ಜಲಜ. ಬೈಂದೂರಿನ ಬಳಿ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ ಅವಳ ಗಂಡ ಕುಷ್ಟ ಅದೇ ಬಂಕಿನ ನೆಲದಡಿಯ ಟ್ಯಾಂಕು ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಉಳಿದಿದ್ದ ಆವಿಗೆ ಉಸಿರುಕಟ್ಟಿ ಸತ್ತಿದ್ದ. ಮಾಲೀಕ ಭೋಜರಾಜ ಶೆಟ್ಟರು ಬಂಕಿನಲ್ಲಿ ಅವನಿಗಿದ್ದ ಕೆಲಸವನ್ನು ಅವಳಿಗೇ ಕೊಟ್ಟರು. ಟ್ಯಾಂಕಿನ ಮುಚ್ಚಳದ ಬೀಗದ ಕೈಯೂ, ಆಳ ನೋಡುವ ಅಳತೆ ಕೋಲೂ ಅವಳ ವಶಕ್ಕೆ ಬಂದವು.

"ಪೆಟ್ರೋಲ್ ಲಾರಿ ಟ್ಯಾಂಕಿಗೆ ಖಾಲಿ ಮಾಡಿ ಎರಡ್ ದಿನ ಆಪ್ದ್ರೊಳ್ಗೆ ಪೆಟ್ರೋಲ್ ಕಮ್ಮಿ ಆತ್ತ್ ಟೀಚರ್. ಮಾರಿದ್ದ್ ಕಳ್ದ್ರೂ ಕಮ್ಮಿಯೇ. ಸತ್ತ ನಮ್ಮನೆಯವ್ರೇ ಕುಡೂದ್ ಅಂತ ಎಲ್ರೂ ಹೇಳೂದ್. ಈಗ ಶೆಟ್ರ್ ಪೆಟ್ರೋಲಿಗೆ ಸಾಲಂಗೆ ನಿಂತವ್ರ ಎದ್ರೇ 'ಕಳ್ಳಿ' ಅಂದ್ ಟ್ಯಾಂಕಿನ ಬೀಗದ್ ಕೈ ತಕಂಡ್ರ್. ನಾಡಿದ್ದ್ ಲಾರಿ ಬತ್ತ್. ಆಗ್ಳೂ ಕಮ್ಮಿ ಬಂದ್ರೆ ಪೊಲೀಸ್ ಅಂಬ್ರ್."

"ನಿಮ್ಗೆ ಎಂತ ಕಾಣತ್ತ್?"

ಜಲಜ ಸೆರಗಿನ ತುದಿ ಹಿಂಡಿದಳು. "ನಾ ಕದೀಲಿಲ್ಲೆ. ಅಂದ್ರೆ ಅವ್ರೇ ಅಲ್ದಾ?"

ಮರುದಿನ ಅಮ್ಮಣ್ಣಿ, ವಿನಯಾ ಇಬ್ಬರೂ ಬಸ್ಸು ಹತ್ತಿದರು. ಏಪ್ರಿಲ್ ತಿಂಗಳು, ರಸ್ತೆಯ ಡಾಂಬರು ಹೊಳೆಯುತ್ತಿತ್ತು. ಬಂಕಿನ ಮೂಲೆಯಲ್ಲಿ ನೆಲದಿಂದ ಎದ್ದ ಉದ್ದದ ಗಾಳಿ ಕೊಳವೆಯಿತ್ತು. ಬಿಸಿಲಿಗೆ ಅದರ ತುದಿಯಿಂದ ಸಣ್ಣ ನರಳಿಕೆಯಂಥ ಸದ್ದು. ಒಳಗೆ ಯಾರೋ ಉಸಿರು ಬಿಡುತ್ತಿದ್ದಾರೆ ಅನ್ನಿಸಿ ವಿನಯಾ ಅಮ್ಮಣ್ಣಿಯವರ ಬದಿಗೆ ಸರಿದಳು.

ಮ್ಯಾನೇಜರ್ ರತೀಶ್ ಅವರನ್ನು ಮರ್ಯಾದೆಯಿಂದ ಕೂರಿಸಿದ. "ಜಲಜಕ್ಕ ಅಂಥವ್ರಲ್ಲ ಟೀಚರ್. ಒಡೇರಿಗೆ ಸಾವ್ರ ಸಲ ಹೇಳ್ದೆ. ಇದ್ ಕುಷ್ಟಂದೇ ಕೆಲ್ಸ. ನನ್ನ ಕನಸಂಗೆ ಬಂದ್ ಹೇಳಿದ್ದ: ನಂಗೆ ಬಡ್ಸದೆ ಮುಚ್ಚಳ ತೆಗೀಬೇಡಿ ಅಂತ."

ಅಂದಿನಿಂದ ಬಂಕಿನಲ್ಲೊಂದು ಪದ್ಧತಿ. ಲಾರಿ ಬೆಳಿಗ್ಗೆಯೇ ಬಂದರೂ ಯಾರೂ ಅದರ ಮುಚ್ಚಳ ಮುಟ್ಟುವಂತಿಲ್ಲ. ಮಧ್ಯಾಹ್ನ ಜಲಜ ಟ್ಯಾಂಕಿನ ಬಳಿ ಕುಷ್ಟನಿಗೆ ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಬಡಿಸಬೇಕು. ಆಮೇಲೆ ರತೀಶ್ ಎಲ್ಲರ ಎದುರೇ ಲಾರಿಗೆ ಕೋಲು ಇಳಿಸಿ ತೋರಿಸುತ್ತಿದ್ದ. ಪೆಟ್ರೋಲ್ ಯಾವಾಗಲೂ ತುಂಬಿದ ಲಾರಿಯ ಗುರುತಿಗೆ ಸರಿಯಾಗಿ ಇರುತ್ತಿತ್ತು.

"ಸರಿಯಾಗಿ ಅಂದ್ರೆ? ಮೇಲೆ ಇಲ್ಲ, ಕೆಳಗೂ ಇಲ್ಲ?" ಅಮ್ಮಣ್ಣಿ ಕೇಳಿದರು.

"ಕೂದಲೆಳೆ ಆಚೆ ಈಚೆ ಇಲ್ಲೆ," ರತೀಶ್ ನಕ್ಕ.

ಹೊರಗೆ ರಿಕ್ಷಾ ನಿಲ್ಲಿಸಿದ್ದ ತಿಮ್ಮ ಮಾತಿಗೆ ಸಿಕ್ಕಿದ. "ಹ್ವಾಯ್, ಲಾರಿ ಖಾಲಿ ಮಾಡಿದ್ ದಿನ ನಾ ಇಲ್ಲ್ ಹಾಕ್ಸೂದೇ ಇಲ್ಲೆ. ಮೈಲೇಜ್ ಬತ್ತಿಲ್ಲೆ. ಕುಷ್ಟ ನೆಕ್ಕಿ ಬಿಟ್ಟದ್ದ್ ನಮ್ಗೆ!"

"ಮಳೆಗಾಲದಂಗೂ ಹೀಂಗೇ ಆತ್ತಾ?" ಎಂದರು ಅಮ್ಮಣ್ಣಿ.

"ಮಳೆಗಾಲದಂಗೆ ಅವ್ನಿಗೆ ಬಾಯಾರಿಕೆ ಎಂತಕ್ಕೆ ಆತ್ತ್ ಮರ್ರೆ?"

ಜಲಜಳೂ ಹೌದೆಂದಳು. ಮಳೆ ಬಂದರೆ ಎಲೆ ನೆನೆಯುತ್ತದೆ, ಊಟ ಬೇಡ ಎಂದು ರತೀಶನೇ ಹೇಳಿದ್ದ. ಆ ತಿಂಗಳುಗಳಲ್ಲಿ ಲಾರಿ ಬಂದ ಕೂಡಲೇ ಖಾಲಿ ಮಾಡುತ್ತಿದ್ದರು. ಆಗ ಒಮ್ಮೆಯೂ ಕಮ್ಮಿ ಬಿದ್ದಿಲ್ಲ.

ಮರಳುವ ಬಸ್ಸಿನಲ್ಲಿ ವಿನಯಾ ತಡೆಯಲಾರದೆ ಕೇಳಿದಳು. "ಟೀಚರ್, ನಿಜವಾಗ್ಲೂ ಅಲ್ಲಿ ಏನೋ ಇದೆ ಅಲ್ವಾ?"

"ಇತ್ತ್ ಹೆಣೆ," ಅಂದರು ಅಮ್ಮಣ್ಣಿ. "ಆದ್ರೆ ಅದ್ ಬಿಸ್ಲಿಗೆ ಹೆದ್ರೂದಿಲ್ಲೆ, ಮಳೆಗೆ ಹೆದ್ರತ್ತ್. ಅಂಥಾ ಪ್ರೇತ ನಾ ಕೇಳಿಲ್ಲೆ."

ಲಾರಿ ಬಂದ ಬೆಳಿಗ್ಗೆ ಶೆಟ್ಟರು, ರತೀಶ್, ಜಲಜ ಎಲ್ಲರೂ ಬಂಕಿನಲ್ಲಿದ್ದರು. ಮಂಗಳೂರಿನಿಂದ ನಸುಕಿನಲ್ಲೇ ಹೊರಟಿದ್ದ ಚಾಲಕ ಚಂದು ಕೆಳಗಿಳಿದು, ಎಂದಿನಂತೆ ಲಾರಿಯನ್ನು ಬಿಸಿಲಲ್ಲೇ ಬಿಟ್ಟು ನೆರಳಿಗೆ ನಡೆದ.

"ಶೆಟ್ರೆ, ಇದ್ರ ಮುಚ್ಚಳ ಈಗ್ಳೇ ತೆಗೆಸಿ," ಎಂದರು ಅಮ್ಮಣ್ಣಿ.

ಚಂದು ಬಿಳಿಚಿಕೊಂಡ. "ಬ್ಯಾಡ ಅಮ್ಮ! ಬಡ್ಸದೆ ಮುಟ್ಟಿರೆ ಕುಷ್ಟ ಬಿಡೂದಿಲ್ಲೆ."

ಜಲಜ ಒಂದು ಹೆಜ್ಜೆ ಹಿಂದೆ ಸರಿದಳು. ಶೆಟ್ಟರೂ ಹಿಂಜರಿದರು. ಗಾಳಿ ಕೊಳವೆ ಮತ್ತೆ ನರಳಿದಾಗ ವಿನಯಾಳಿಗೆ ಓಡಿಹೋಗೋಣ ಅನ್ನಿಸಿತು. ಅಮ್ಮಣ್ಣಿ ಜಲಜಳತ್ತ ತಿರುಗಿ, "ನಿಮ್ಮನೆಯವ್ರಿಗೆ ಸಿಟ್ಟ್ ಬಂದ್ರೆ ನನ್ ಮೇಲೆ ಬರ್ಲಿ. ಕೋಲ್ ಇಳ್ಸಿ," ಎಂದರು.

ಜಲಜ ಲಾರಿ ಹತ್ತಿ ಕೋಲು ಇಳಿಸಿದಳು. ಪೆಟ್ರೋಲ್ ಗುರುತಿಗಿಂತ ನಾಲ್ಕು ಬೆರಳು ಕೆಳಗಿತ್ತು.

"ಮುಚ್ಚಿ ಬೀಗ ಹಾಕಿ. ಬೀಗದ್ ಕೈ ನನ್ನ ಹತ್ರ ಇರ್ಲಿ. ಯಾರೂ ಲಾರಿ ಹತ್ರ ಹೋಪುದ್ ಬ್ಯಾಡ."

ಎಲ್ಲರೂ ಆಫೀಸಿನೊಳಗೆ ಕುಳಿತರು. ಕಿಟಕಿಯಾಚೆ ಲಾರಿ ಒಂಟಿಯಾಗಿ ಸುಡುತ್ತಿತ್ತು. ವಿನಯಾ ಅದರಿಂದ ಕಣ್ಣು ಕೀಳಲಿಲ್ಲ. ಕಾಗೆಯೂ ಅದರ ಮೇಲೆ ಕೂರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಜಲಜ ಮತ್ತೆ ಹತ್ತಿದಳು, ಕೋಲು ಎತ್ತಿ ನೋಡಿದಳು, ಚೀರಿದಳು.

ಯಾರೂ ಮುಟ್ಟದ ಪೆಟ್ರೋಲ್ ತಾನಾಗಿ ಏರಿ ಗುರುತಿಗೆ ಬಂದು ನಿಂತಿತ್ತು.

ಶೆಟ್ಟರು ಕೈ ಮುಗಿದೇ ಬಿಟ್ಟರು. "ಕುಷ್ಟ, ತಪ್ಪಾಯ್ತ್ ಮಾರಾಯ!"

"ಕುಷ್ಟ ಅಲ್ಲ, ಸೂರ್ಯ," ಎಂದರು ಅಮ್ಮಣ್ಣಿ. "ಪೆಟ್ರೋಲ್ ಬಿಸಿಯಾದ್ರೆ ಹಿಗ್ಗತ್ತ್. ಲಾರಿ ಟ್ಯಾಂಕಿನ ಕುತ್ತಿಗೆ ಕಿರಿದು, ಹಾಗಾಗಿ ಸ್ವಲ್ಪ ಹಿಗ್ಗಿದ್ರೂ ಮೇಲೆ ಏರಿದ್ದ್ ಕಾಣತ್ತ್. ನಸುಕಿನ ತಂಪಂಗೆ ಗುರುತಿನವರೆಗೆ ತುಂಬಿಸಿದ ಲಾರಿ ಇಷ್ಟ್ ಬಿಸ್ಲಂಗೆ ನಿಂತ್ರೆ ಗುರುತು ದಾಟಿರ್ಕ್. ಸರಿಯಾಗಿ ಇತ್ತ್ ಅಂದದ್ದೇ ನಂಗೆ ಸರಿ ಕಾಣ್ಲಿಲ್ಲೆ. ಬಿಸಿಲು ತುಂಬಿಸುವಷ್ಟನ್ನ ದಾರಿಯಲ್ಲೇ ಇಳ್ಸಿದ್ರ್. ಆಮೇಲೆ ನೆಲದಡಿಯ ತಂಪಿಗೆ ಹೋದ ಪೆಟ್ರೋಲ್ ಎರಡ್ ದಿನದಂಗೆ ಕುಗ್ಗಿತ್. ಕಳವು ಆದದ್ದ್ ದಾರೀಲಿ, ಕಂಡದ್ದ್ ಜಲಜನ ಕೋಲಂಗೆ."

"ನಮ್ ಮೈಲೇಜ್?" ಬಾಗಿಲಲ್ಲಿದ್ದ ತಿಮ್ಮ ಕೇಳಿದ.

"ಲೀಟರ್ ಅಂದ್ರೆ ಜಾಗದ ಅಳತೆ ತಿಮ್ಮ. ಬಿಸಿ ಲೀಟರಂಗೆ ಪೆಟ್ರೋಲ್ ಚೂರ್ ಕಮ್ಮಿ, ರೇಟ್ ಅದೇ. ಲಾರಿ ದಿನ ನೀ ಬಿಸ್ಲಿಗೂ ದುಡ್ಡ್ ಕೊಟ್ಟೆ. ನಿನ್ ಗುಮಾನಿಯಷ್ಟ್ ದೊಡ್ಡದಲ್ಲ, ಆದ್ರೆ ಸುಳ್ಳೂ ಅಲ್ಲ."

ಶೆಟ್ಟರು ಚಂದುವಿನ ಕಡೆ ಎದ್ದರು. ಅಮ್ಮಣ್ಣಿ ತಡೆದರು.

"ಇಳ್ಸಿದ್ದ್ ಚಂದು. ಆದ್ರೆ ಲಾರಿ ಬಂದ ಕೂಡ್ಲೇ ಕೋಲ್ ಇಳ್ಸಿದ್ರೆ ಅವ್ನ್ ಅವತ್ತೇ ಸಿಕ್ಕಿ ಬೀಳ್ತಿದ್ದ. ಬಿಸಿಲು ಏರೂವರೆಗೆ ನಿಮ್ಮನ್ನೆಲ್ಲ ದೂರ ಇಡುವ ಪದ್ಧತಿ ಯಾರದ್ದ್? ಕನಸ್ ಬಿದ್ದದ್ದ್ ಯಾರಿಗೆ? ಮಳೆ ಬಂದ್ರೆ, ಬಿಸಿಲೇ ಇಲ್ಲದಾಗ, ಊಟ ಬ್ಯಾಡ ಅಂದದ್ದ್ ಯಾರ್?"

ಜಲಜಳ ಪರ ಸಾವಿರ ಸಲ ಮಾತಾಡಿದ್ದ ರತೀಶ್ ನೆಲ ನೋಡಿದ. ಚಂದು ಗೋಡೆಗೊರಗಿ, "ನಾ ಒಬ್ನೇ ಅಲ್ಲ ಒಡೇರೆ," ಎಂದು ಅಳತೊಡಗಿದ.

"ಜಲಜಕ್ಕನ ಮೇಲೆ ಬಪ್ಪುದ್ ಬ್ಯಾಡ ಅಂತ್ಲೇ ನಾ ಕುಷ್ಟನ ಹೆಸ್ರ್ ಹೇಳಿದ್ದ್," ಎಂದ ರತೀಶ್, ಯಾರ ಮುಖವನ್ನೂ ನೋಡದೆ.

"ಸತ್ತವ ಬಂದ್ 'ನಾ ಅಲ್ಲ' ಅಂಬುದಿಲ್ಲೆ ಅಲ್ದಾ?" ಎಂದಳು ಜಲಜ.

ಶೆಟ್ಟರು ಟ್ಯಾಂಕಿನ ಬೀಗದ ಕೈಯನ್ನು ಅವಳ ಮುಂದೆ ಹಿಡಿದರು. "ತಕೋ. ಆದದ್ದ್ ಆಯ್ತ್."

ಅವಳು ಕೈ ಚಾಚಲಿಲ್ಲ. "ಕಳ್ಳಿ ಅಂದದ್ದ್ ಸಾಲಂಗೆ ನಿಂತವ್ರ ಎದ್ರ್. ಇವತ್ತೂ ಸಾಲ್ ಇತ್ತ್."

ಶೆಟ್ಟರು ಪಂಚೆ ಸರಿಮಾಡಿಕೊಂಡು ಹೊರಗೆ ಹೋದರು. ಜಲಜ ಕದ್ದಿಲ್ಲ ಎಂದು ಸಾಲಿಗೆ ಹೇಳುವ ಅವರ ದನಿ ಮೊದಲು ಸಣ್ಣಗಿತ್ತು. "ಕೇಂತಿಲ್ಲೆ ಶೆಟ್ರೆ!" ಎಂದು ತಿಮ್ಮ ಕೂಗಿದ ಮೇಲೆ ದೊಡ್ಡದಾಯಿತು.

ಹೊರಡುವಾಗ ವಿನಯಾ ತಿರುಗಿ ನೋಡಿದಳು. ಜಲಜ ಟ್ಯಾಂಕಿನ ಮುಚ್ಚಳದ ಬಳಿ ನೆಲ ಗುಡಿಸಿ ಎಲೆ ಹಾಸುತ್ತಿದ್ದಳು.

"ಜಲಜಕ್ಕ, ಇನ್ನೂ ಎಂತಕ್ಕೆ?" ವಿನಯಾಳ ಬಾಯಿಂದ ಬಂದೇ ಬಿಟ್ಟಿತು.

ಜಲಜ ಅಮ್ಮಣ್ಣಿಯವರನ್ನು ನೋಡಿದಳು. "ಅವ್ರ್ ಪೆಟ್ರೋಲ್ ಕುಡೀಲಿಲ್ಲೆ ಅಂದ್ರಿ ಟೀಚರ್. ಅವ್ರ್ ಬರ್ಲೇ ಇಲ್ಲೆ ಅಂತ ಹೇಳ್ಲಿಲ್ಲ ಅಲ್ದಾ?"

"ಇಲ್ಲೆ," ಎಂದರು ಅಮ್ಮಣ್ಣಿ. "ಅದ್ ನಾ ಹೇಳ್ಲಿಲ್ಲೆ."