ಹೋಗಿ ಬಾ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ೧೯೮೪ರಲ್ಲಿ ವಿದ್ಯಾಗಿರಿಯ ಅಂಚಿನಲ್ಲಿ ಹೊಸ ಮನೆ ಕಟ್ಟಿಸಿದ್ದೆವು. ಹಿತ್ತಿಲಿನಾಚೆ ಬರೀ ಜಾಲಿಕಂಟಿ. ಒಂದು ಮಧ್ಯಾಹ್ನ ನರಿಯೊಂದು ಬಂದು ಬಾಗಿಲ ಕಟ್ಟೆಯ ಮೇಲೆ ಕೂತಿತು. ಹೆದರಿ ಒಂದು ಚೂರು ರೊಟ್ಟಿ ಎಸೆದೆ. ನಾಲಿಗೆಯ ರೂಢಿ, “ಹೋಗಿ ಬಾರಪಾ” ಅಂದುಬಿಟ್ಟೆ.

ಮರುದಿನ ಅದೇ ಹೊತ್ತಿಗೆ ಎರಡು ಬಂದವು. ನಾಲ್ಕನೆಯ ದಿನ ಐದು ನರಿಗಳು ನಮ್ಮ ಯಜಮಾನರ ಚಪ್ಪಲಿಗೆ ಮೂತಿ ಒತ್ತಿ ಮಲಗಿದ್ದವು. “ಇರ್ಲಿ ಬಿಡ, ಕಾವಲಿಗಾದ್ವು” ಎಂದು ಅವರು ನಕ್ಕರು. ಓಣಿಯ ನಾಯಿ ಒಂದೂ ಬೊಗಳಲಿಲ್ಲ. ಮಣ್ಣಿನಲ್ಲಿ ಹೆಜ್ಜೆ ಮೂಡಿರಲಿಲ್ಲ. ಅವು ಎದ್ದುಹೋದ ಮೇಲೆ ಕಟ್ಟೆಯ ಕಲ್ಲು ಬಿಸಿಲಿನಲ್ಲೂ ತಣ್ಣಗಿತ್ತು.

ಕುರಿ ಕಾಯುವ ರಂಗವ್ವ ನೀರು ಕೇಳಲು ಬಂದವಳು ಇದನ್ನು ಕೇಳಿ ತಂಬಿಗೆ ಕೆಳಗಿಟ್ಟಳು.

“ಅವಕ್ಕ ಏನರ ಅಂದಿಯೇನವ್ವಾ?”

“ಹೋಗಿ ಬಾ ಅಂದಿದ್ದೆ.”

“ಅದು ಮನಿ ಮಂದಿಗೆ ಅನ್ನೂ ಮಾತು! ನಾಳೆ ಬರೇ ‘ಹೋಗು’ ಅಂದುಬಿಡು.”

ಮರುದಿನ ಬಾಗಿಲು ತೆರೆದು ನರಿಗಳಿಗೆ “ಹೋಗು” ಅಂದೆ. ಒಂದೂ ಏಳಲಿಲ್ಲ. ಊಟ ಮುಗಿಸಿ ಆಫೀಸಿಗೆ ಹೊರಟ ಯಜಮಾನರು ನನ್ನ ಬೆನ್ನ ಹಿಂದೆ ನಿಂತಿದ್ದರು. ದಿನಾ “ಬರ್ತೇನಿ” ಎನ್ನುವವರು ಅಂದು ಮೆಲ್ಲಗೆ “ಆತು, ಹೋಗ್ತೇನಿ” ಎಂದರು. ಚಪ್ಪಲಿ ಮೆಟ್ಟಿ ನಡೆದರು. ಐದೂ ನರಿಗಳು ಎದ್ದು ಅವರ ಹಿಂದೆ ಹೋದವು. ಕೂಗಬೇಕೆನಿಸಿತು. ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ಸುಮ್ಮನಾದೆ.

ಸಂಜೆ ಬಾಗಿಲು ತೆಗೆದರೆ ಹೊಸ್ತಿಲ ಬಳಿ ಅವರ ಚಪ್ಪಲಿಗಳಷ್ಟೇ ಇದ್ದವು. ಮುಟ್ಟಿದೆ, ಈಗಷ್ಟೇ ಬಿಟ್ಟಂತೆ ಬೆಚ್ಚಗಿದ್ದವು.

ಅವರು ಇವತ್ತಿಗೂ ಬಂದಿಲ್ಲ. ಚಪ್ಪಲಿಯ ಬಿಸಿಯೂ ಆರಿಲ್ಲ.